ಹಾಡಿನ ಆಚೀಚೆ

ಬೆಳಗಿನ ಆರಕ್ಕೆ ಇನ್ನೂ ಕೆಲವು ನಿಮಿಷವಿರುವಾಗ ಮೊದಲು ತಂಬೂರಿಯ ಶ್ರುತಿ, ಅದರ ಮೇಲೆ ಒಂದು ಪಿಟೀಲು. ಶಿವರಂಜಿನಿಯ ಛಾಯೆಯುಳ್ಳ ಕೆಲವೇ ಸ್ವರಗಳು ಏರಿ, ಇಳಿದು, ತುಸು ತಡೆದು, ಮತ್ತೆ ಮೊದಲಿನಿಂದ ಶುರುವಾಗುತ್ತವೆ. ಆಕಾಶವಾಣಿಯ ಈ ಸಂಕೇತ ಸಂಗೀತವನ್ನು ಹಾಡೆನ್ನಲಾಗದು. ಇದಕ್ಕೆ ಸಾಹಿತ್ಯವಿಲ್ಲ, ಪಲ್ಲವಿಯಿಲ್ಲ, ಚರಣವಿಲ್ಲ. ಆದರೂ ರೇಡಿಯೋ ಕೇಳಿ ಬೆಳೆದವರ ಮುಂದೆ ಪಿ.ಬಿ. ಶ್ರೀನಿವಾಸ್ ಅವರ ಒಳ್ಳೆಯ ಹಾಡೊಂದನ್ನೂ ಈ ಪಿಟೀಲಿನ ತುಣುಕನ್ನೂ ಒಂದಾದ ಮೇಲೊಂದು ಕೇಳಿಸಿದರೆ, ಹಾಡಿಗೆ ತಲೆದೂಗುವವರು ತುಣುಕಿಗೆ ಸುಮ್ಮನಾಗಿಬಿಡುತ್ತಾರೆ. ಹಾಡಿಗಿಂತ ಹಾಡಿನ ಮುಂಚಿನ ಗುರುತು ಹೆಚ್ಚು ಆಳಕ್ಕೆ ಇಳಿದದ್ದು ಹೇಗೆ? ಇದನ್ನು ಹಳೆಯ ಕಾಲದ ಹಂಬಲ ಎಂದು ಕರೆದು ಪಕ್ಕಕ್ಕಿಡುವುದು ವಾಡಿಕೆ. ಹಾಗೆ ಪಕ್ಕಕ್ಕಿಡಬಾರದು ಎಂಬುದು ನನ್ನ ವಾದ. ಹಳೆಯ ಹಾಡುಗಳು ಎಲ್ಲಿಗೂ ಹೋಗಿಲ್ಲ, ಹಿಂದೆಂದಿಗಿಂತ ಸುಲಭವಾಗಿ ಈಗ ಸಿಗುತ್ತವೆ. ಇಲ್ಲವಾದದ್ದು ಅವುಗಳ ಆಚೀಚೆ ಇದ್ದದ್ದು: ಸಂಕೇತ ಸಂಗೀತ, ಗಂಟೆಯ ಪೀಪ್ ಸದ್ದು, ಉದ್ಘೋಷಕರ ಎರಡು ಮಾತು, ಎರಡು ಕಾರ್ಯಕ್ರಮಗಳ ನಡುವಿನ ಚಿಕ್ಕ ಮೌನ. ಜನ ಹಂಬಲಿಸುತ್ತಿರುವುದು ಇದಕ್ಕಾಗಿ. ಆ ಹಂಬಲದಲ್ಲಿ ತಿಳಿವಳಿಕೆಯಿದೆ.

ಸಂಕೇತ ಸಂಗೀತ ಹುಟ್ಟಿದ್ದು ಒಂದು ಕೆಲಸಕ್ಕಾಗಿ. ವಾಲ್ವ್ ರೇಡಿಯೋ ಗುಂಡಿ ತಿರುಗಿಸಿದ ಕೂಡಲೇ ಮಾತಾಡುತ್ತಿರಲಿಲ್ಲ, ಒಳಗಿನ ವಾಲ್ವುಗಳು ಕಾಯುವವರೆಗೆ ತಡೆಯಬೇಕಿತ್ತು. ಕಾದ ಮೇಲೆ ಮುಳ್ಳನ್ನು ಸರಿಯಾದ ತರಂಗಾಂತರಕ್ಕೆ ತಂದು ನಿಲ್ಲಿಸಬೇಕಿತ್ತು. ಗಾಜಿನ ಪಟ್ಟಿಯ ಮೇಲಿನ ಅಂಕಿಗಳು ಬರೀ ಅಂದಾಜು. ಬೆಂಗಳೂರಿನ 612 ಕಿಲೋಹರ್ಟ್ಸಿಗೂ ಭದ್ರಾವತಿಯ 675ಕ್ಕೂ ಧಾರವಾಡದ 765ಕ್ಕೂ ನಡುವೆ ಬೆರಳ ತುದಿಯ ಒಂದು ಸಣ್ಣ ಅಲುಗಾಟದಷ್ಟೇ ಅಂತರ. ಆದ್ದರಿಂದ ಮಾತು ಆರಂಭವಾಗುವ ಮೊದಲು, ಕೇಳುಗನು ಮುಳ್ಳು ಹೊಂದಿಸಿಕೊಳ್ಳಲು, ಒಂದೇ ಸಮನೆ ಮರುಕಳಿಸುವ ಧ್ವನಿಯೊಂದು ಬೇಕಿತ್ತು. ಬಿಬಿಸಿ ಇದೇ ಕೆಲಸಕ್ಕೆ ಲಂಡನ್ನಿನ ಬೋ ಇಗರ್ಜಿಯ ಗಂಟೆಗಳನ್ನು ಬಳಸಿತು. ಆಕಾಶವಾಣಿ ಪಿಟೀಲನ್ನು ಬಳಸಿತು. ಗರಗರ ಸದ್ದಿನ ನಡುವೆ ಆ ಸ್ವರಗಳು ಎಲ್ಲೋ ಕ್ಷೀಣವಾಗಿ ಕೇಳಿ, ಮುಳ್ಳು ಸರಿದಂತೆ ಸ್ಪಷ್ಟವಾಗಿ, ಸರಿಯಾದ ಜಾಗಕ್ಕೆ ಬಂದಾಗ ತುಂಬಿಕೊಳ್ಳುತ್ತಿದ್ದವು. ಕೇಳುಗನು ಅದನ್ನು ಪ್ರತಿದಿನ ತನ್ನ ಕೈಯಿಂದಲೇ ಹುಡುಕಿ ಪಡೆಯುತ್ತಿದ್ದ. ಹೀಗೆ ಕೈಗೂ ಕಿವಿಗೂ ಒಟ್ಟಿಗೆ ಅಭ್ಯಾಸವಾದದ್ದು ಅಷ್ಟು ಬೇಗ ಮರೆಯುವುದಿಲ್ಲ.

ಎರಡನೆಯ ಕೆಲಸ ಹೊತ್ತು ತಿಳಿಸುವುದು. 6.55ಕ್ಕೆ ಸಂಸ್ಕೃತ ವಾರ್ತೆ, 7.05ಕ್ಕೆ ಪ್ರದೇಶ ಸಮಾಚಾರ, 7.35ಕ್ಕೆ ದೆಹಲಿಯಿಂದ ಕನ್ನಡ ವಾರ್ತೆ. ದೂರದರ್ಶನ ಬರುವ ಮುನ್ನ, ಬಂದ ಮೇಲೂ ಬಹಳ ಕಾಲ, ಕರ್ನಾಟಕದ ಎಷ್ಟೋ ಮನೆಗಳ ಬೆಳಗು ಈ ಗೂಟಗಳ ಮೇಲೆ ನಿಂತಿತ್ತು. ಸಂಸ್ಕೃತ ವಾರ್ತೆಯ ಮೊದಲ ವಾಕ್ಯ ಬಂದಾಗ ಸ್ನಾನ ಮುಗಿದಿರಬೇಕು, ಪ್ರದೇಶ ಸಮಾಚಾರ ಮುಗಿಯುವುದರೊಳಗೆ ಡಬ್ಬಿ ಕಟ್ಟಿರಬೇಕು. ಸಂಸ್ಕೃತ ಬಾರದವರಿಗೂ ಆ ವಾರ್ತೆ ಓದುತ್ತಿದ್ದ ಬಲದೇವಾನಂದ ಸಾಗರರ ಹೆಸರು ಬಾಯಿಪಾಠವಾದದ್ದು ಹೀಗೆ. ಕೊಲಂಬೊದಿಂದ ಬರುತ್ತಿದ್ದ ರೇಡಿಯೋ ಸಿಲೋನಿನ ಹಿಂದಿ ವಿಭಾಗದ್ದು ಇನ್ನೂ ಸೊಗಸಾದ ಉದಾಹರಣೆ. ಅಲ್ಲಿ ಬೆಳಿಗ್ಗೆ ಏಳೂವರೆಯಿಂದ ಎಂಟರವರೆಗೆ ಹಳೆಯ ಚಿತ್ರಗಳ ಹಾಡು, ಅದರ ಕೊನೆಗೆ 7.57ಕ್ಕೆ ಕುಂದನಲಾಲ್ ಸೈಗಲರ ಒಂದು ಹಾಡು. ವರ್ಷಗಟ್ಟಲೆ ಈ ಕ್ರಮ ತಪ್ಪಲಿಲ್ಲ. ಸೈಗಲ್ ಹಾಡಿದರೆ ಎಂಟಕ್ಕೆ ಮೂರು ನಿಮಿಷವೆಂದೇ ಲೆಕ್ಕ. ಗಡಿಯಾರವಿಲ್ಲದ ಅಂಗಡಿಗೂ ಅದು ಗಡಿಯಾರ.

ಇಲ್ಲಿ ಬರುವ ಮೊದಲ ಆಕ್ಷೇಪ ಮನಶ್ಶಾಸ್ತ್ರದ್ದು. ಹತ್ತರಿಂದ ಇಪ್ಪತ್ತೈದರ ವಯಸ್ಸಿನೊಳಗೆ ಕೇಳಿದ ಸಂಗೀತ ಮನುಷ್ಯನ ನೆನಪಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ, ಹಾಗಾಗಿ ರೇಡಿಯೋದ ಹಂಬಲವೆಂದರೆ ಕಳೆದ ಯೌವನದ ಹಂಬಲ, ರೇಡಿಯೋ ಅದಕ್ಕೊಂದು ನೆಪ ಎಂಬುದು. ಇದರಲ್ಲಿ ಸತ್ಯಾಂಶವಿದೆ. ಆದರೆ ಸೈಗಲರ ಉದಾಹರಣೆ ಈ ವಿವರಣೆಯೊಳಗೆ ಹಿಡಿಸುವುದಿಲ್ಲ. ಸೈಗಲ್ ತೀರಿಕೊಂಡದ್ದು 1947ರ ಜನವರಿಯಲ್ಲಿ. ಎಪ್ಪತ್ತು-ಎಂಬತ್ತರ ದಶಕಗಳಲ್ಲಿ ಆ 7.57ಕ್ಕಾಗಿ ಕಾದ ಹುಡುಗ ಹುಡುಗಿಯರು ಆಗಿನ್ನೂ ಹುಟ್ಟಿರಲಿಲ್ಲ. ಅವರ ಯೌವನದ ಸಂಗೀತ ಬೇರೆಯೇ ಇತ್ತು. ಹಾಡಾಗಿ ಸೈಗಲ್ ಅವರಿಗೆ ಅಜ್ಜನ ಕಾಲದವರು. ಆ ಕಂಠ ಅವರಿಗೆ ತಮ್ಮದಾದದ್ದು ಅದು ಕೂತಿದ್ದ ಜಾಗದಿಂದ, ಎಂಟರ ಅಂಚಿನಲ್ಲಿದ್ದ ಆ ಮೂರು ನಿಮಿಷದಿಂದ. ಒಬ್ಬನ ಯೌವನ ಒಬ್ಬನದೇ. 7.57 ಮಾತ್ರ ಅದೇ ಹೊತ್ತಿಗೆ ಕೇಳುತ್ತಿದ್ದ ಅಷ್ಟೂ ಜನರದು. ತನಗೆ ಗೊತ್ತಿಲ್ಲದ ಸಾವಿರಾರು ಮಂದಿ ಇದೇ ಕ್ಷಣದಲ್ಲಿ ಇದನ್ನೇ ಕೇಳುತ್ತಿದ್ದಾರೆ ಎಂಬ ಅರಿವು ಹಾಡಿನೊಳಗಿಂದ ಬರುವುದಿಲ್ಲ, ಹೊರಗಿನಿಂದ ಬರುತ್ತದೆ. ಕೋರಿಕೆಯ ಹಾಡುಗಳ ಮುನ್ನ ಓದುತ್ತಿದ್ದ ಹೆಸರುಗಳ ಉದ್ದನೆಯ ಪಟ್ಟಿ ಅದಕ್ಕೆ ಸಾಕ್ಷಿ ಒದಗಿಸುತ್ತಿತ್ತು. ಝುಮ್ರಿ ತಿಲೈಯಾ ಎಂಬ ಅಭ್ರಕದ ಗಣಿಗಳ ಊರು ದೇಶಕ್ಕೆಲ್ಲ ಗೊತ್ತಾದದ್ದು ಅಲ್ಲಿನವರು ಬರೆದ ಕೋರಿಕೆ ಕಾಗದಗಳಿಂದ. ಊರಿನ ಹೆಸರು, ಮನೆಮಂದಿಯ ಹೆಸರು, ಗೆಳೆಯರ ಹೆಸರು ಓದಿದ ಮೇಲೆ ಹಾಡು. ಹಾಡು ಮೂರು ನಿಮಿಷದ್ದು, ಆದರೆ ಅಂಚೆ ಕಾರ್ಡು ಹಾಕಿದ ದಿನದಿಂದಲೇ ಕೇಳುವ ಕೆಲಸ ಶುರುವಾಗಿರುತ್ತಿತ್ತು.

ಉದ್ಘೋಷಕರ ಮಾತಿನ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ಕನ್ನಡಕ್ಕೆ ಅದರಿಂದ ಆದ ಲಾಭ ದೊಡ್ಡದು. ಚಿತ್ರದ ಹೆಸರು, ಸಾಹಿತ್ಯ, ಸಂಗೀತ, ಹಾಡಿದವರು: ಈ ನಾಲ್ಕನ್ನು ಹೇಳದೆ ಆಕಾಶವಾಣಿ ಚಿತ್ರಗೀತೆಯನ್ನು ಹಾಕುತ್ತಿರಲಿಲ್ಲ. ಚಿತ್ರಮಂದಿರದಲ್ಲಿ ಹೆಸರುಗಳು ತೆರೆಯ ಮೇಲೆ ಓಡಿಹೋಗುತ್ತವೆ, ಓದು ಬಾರದವನಿಗೆ ಅವು ಇದ್ದೂ ಇಲ್ಲ. ರೇಡಿಯೋ ಅವನ್ನು ಬಾಯಿಬಿಟ್ಟು ಹೇಳಿತು, ದಿನಕ್ಕೆ ಹತ್ತಾರು ಸಲ, ಅವಸರವಿಲ್ಲದೆ. ಚಿ. ಉದಯಶಂಕರ್, ವಿಜಯನಾರಸಿಂಹ, ಆರ್.ಎನ್. ಜಯಗೋಪಾಲ್ ಎಂಬ ಹೆಸರುಗಳೂ, ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ, ವಿಜಯಭಾಸ್ಕರ್ ಎಂಬ ಹೆಸರುಗಳೂ ಹಳ್ಳಿಯ ಹೋಟೆಲಿನಲ್ಲಿ ಚಹಾ ಕುಡಿಯುವವನಿಗೆ ಗೊತ್ತಿದ್ದವು. ಪರದೆಯ ಮೇಲೆ ಹಾಡುವವರು ನಾಯಕ-ನಾಯಕಿ ಎಂದು ತೋರಿದರೂ, ಆ ಹಾಡಿನ ಹಿಂದೆ ಒಬ್ಬ ಕವಿ ಇದ್ದಾನೆ, ಸ್ವರ ಹಾಕಿದವನೊಬ್ಬನಿದ್ದಾನೆ ಎಂಬ ಲೋಕಜ್ಞಾನವನ್ನು ಹಂಚಿದ್ದು ಈ ನಾಲ್ಕು ಮಾತಿನ ಸೂತ್ರ. ಇಂದು ಖಾಸಗಿ ಎಫ್.ಎಂ.ನಲ್ಲಿ ಹಾಡು ನೇರವಾಗಿ ನುಗ್ಗುತ್ತದೆ. ಫೋನಿನ ಆ್ಯಪಿನಲ್ಲಿ ಚಿತ್ರದ ಹೆಸರು, ಗಾಯಕರ ಹೆಸರು ಕಾಣುತ್ತವೆ, ಗೀತಕಾರನನ್ನು ಹುಡುಕಿಕೊಂಡು ಹೋಗಬೇಕು. ಹುಡುಕುವವರು ಎಷ್ಟು ಮಂದಿ? ಹೇಳಿದ್ದನ್ನು ಬೇಡವೆಂದರೂ ಕೇಳಿಸಿಕೊಳ್ಳುತ್ತೇವೆ. ಹುಡುಕಿದರಷ್ಟೇ ಸಿಗುವ ಹೆಸರು ಕಾಲಕ್ರಮೇಣ ಬರೀ ಸಂಶೋಧಕರ ಹೆಸರಾಗುತ್ತದೆ.

ಹೆಚ್ಚು ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಯಾವ ಆಕಾಶವಾಣಿಯನ್ನು ಹೀಗೆ ಕೊಂಡಾಡುತ್ತಿದ್ದೇವೆ? ಹಾರ್ಮೋನಿಯಂ ಭಾರತೀಯವಲ್ಲವೆಂದು 1940ರಿಂದ ಮೂರು ದಶಕ ಅದನ್ನು ಹೊರಗಿಟ್ಟ ಸಂಸ್ಥೆ. ಬಿ.ವಿ. ಕೇಸ್ಕರ್ ಮಂತ್ರಿಯಾಗಿದ್ದಾಗ 1952ರಿಂದ ಚಿತ್ರಗೀತೆಗಳನ್ನೇ ದೂರವಿಟ್ಟ ಸಂಸ್ಥೆ. ತುರ್ತುಪರಿಸ್ಥಿತಿಯಲ್ಲಿ ಸರ್ಕಾರದ ಮಾತನ್ನಷ್ಟೇ ನುಡಿದ ಸಂಸ್ಥೆ. ಆಯ್ಕೆಯೇ ಇಲ್ಲದಿದ್ದಾಗ ಕೇಳಿದ್ದನ್ನು ಪ್ರೀತಿ ಎನ್ನಬಹುದೇ? ಈ ಆಪಾದನೆಗಳೆಲ್ಲ ನಿಜ, ಅವುಗಳಲ್ಲಿ ಒಂದನ್ನೂ ನಾನು ತಳ್ಳಿಹಾಕಲಾರೆ. ಆದರೆ ಆಯ್ಕೆ ಇರಲಿಲ್ಲ ಎಂಬುದು ಮಾತ್ರ ಸರಿಯಲ್ಲ. ಚಿತ್ರಗೀತೆ ಇಲ್ಲಿ ಸಿಗದಾದಾಗ ಕೇಳುಗರು ಮುಳ್ಳನ್ನು ಕೊಲಂಬೊ ಕಡೆಗೆ ತಿರುಗಿಸಿದರು. 1952ರ ಡಿಸೆಂಬರ್ 3ರಂದು ಅಲ್ಲಿ ಆರಂಭವಾದ ಬಿನಾಕಾ ಗೀತಮಾಲಾ ಬುಧವಾರದ ರಾತ್ರಿ ಎಂಟು ಗಂಟೆಯನ್ನು ತನ್ನದಾಗಿಸಿಕೊಂಡಿತು. ಅದರ ನಿರೂಪಕ ಅಮೀನ್ ಸಯಾನಿಯವರು ಸೋದರಿಯರನ್ನು ಮೊದಲು ಕರೆದು ಆಮೇಲೆ ಸೋದರರನ್ನು ಕರೆಯುತ್ತಿದ್ದ ಆ ಸಂಬೋಧನೆ ಹಿಂದಿ ಬಾರದ ಊರುಗಳಲ್ಲೂ ಗುರುತಾಯಿತು. ಕಿರುತರಂಗದಲ್ಲಿ ಧ್ವನಿ ಏರುತ್ತ ಮುಳುಗುತ್ತ ಬರುತ್ತಿತ್ತು, ಆದರೂ ಜನ ಬಿಡಲಿಲ್ಲ. ಕೊನೆಗೆ ಸರ್ಕಾರವೇ ಬಾಗಿ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ತೆರೆಯಬೇಕಾಯಿತು. ವಿವಿಧ ಭಾರತಿ ಅಧಿಕಾರಿಗಳು ದಯಪಾಲಿಸಿದ್ದಲ್ಲ, ಬೆರಳ ತುದಿಯಿಂದ ಕೇಳುಗರು ಗೆದ್ದದ್ದು. ಆಕಾಶವಾಣಿ ಎಂಬ ಹೆಸರೂ ದೆಹಲಿಯ ಕಚೇರಿಯಲ್ಲಿ ಹುಟ್ಟಿದ್ದಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ವಿಠಲ ವಿಹಾರದಿಂದ 30 ವಾಟ್‌ನ ಪುಟ್ಟ ಪ್ರೇಷಕದಲ್ಲಿ ಪ್ರಸಾರ ಶುರುಮಾಡಿದರು. ಅದಕ್ಕೆ ಆ ಹೆಸರು ಸೂಚಿಸಿದವರು ನಾ. ಕಸ್ತೂರಿಯವರೆಂದು ಪ್ರತೀತಿ. ಐವತ್ತರ ದಶಕದಲ್ಲಿ ಇಡೀ ದೇಶದ ರೇಡಿಯೋ ಆ ಹೆಸರನ್ನು ತನ್ನದಾಗಿಸಿಕೊಂಡಿತು. ಸಂಸ್ಥೆಯ ನೀತಿ ಬೇರೆ, ಆ ಸಂಸ್ಥೆಯ ಧ್ವನಿಯ ಸುತ್ತ ಜನ ಕಟ್ಟಿಕೊಂಡ ಬದುಕು ಬೇರೆ. ಆಕಾಶವಾಣಿಯ ಗ್ರಾಮೀಣ ಕಾರ್ಯಕ್ರಮಗಳಲ್ಲಿ ಎ.ಎಸ್. ಮೂರ್ತಿಯವರು 'ಈರಣ್ಣ'ನಾಗಿ ಮಾತಾಡಿದಾಗ ರೈತರು ಕೇಳಿದ್ದು ತಮ್ಮೂರಿನವನೊಬ್ಬನನ್ನು. ಮೂರ್ತಿಯವರು ಕೊನೆಯವರೆಗೂ ಆಕಾಶವಾಣಿ ಈರಣ್ಣನಾಗಿಯೇ ಉಳಿದರು.

ಹಳೆಯದು ಬೇಕಾದರೆ ಹಾಕಿಕೊಂಡು ಕೇಳಿ, ಎಲ್ಲವೂ ಇದೆಯಲ್ಲ ಎನ್ನುವವರಿದ್ದಾರೆ. 2017ರಲ್ಲಿ ಬಂದ ಕಾರವಾನ್ ಎಂಬ ಪೆಟ್ಟಿಗೆ ಹಳೆಯ ರೇಡಿಯೋದ ಆಕಾರದಲ್ಲೇ 5000 ಹಾಡುಗಳನ್ನು ತುಂಬಿಕೊಂಡು ಬಂತು, ಅದರಲ್ಲಿ ಗೀತಮಾಲಾ ಕೂಡ ಇದೆ. ವಯಸ್ಸಾದವರಿಗೆ ಮಕ್ಕಳು ಪ್ರೀತಿಯಿಂದ ಕೊಡುವ ಉಡುಗೊರೆ ಅದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದು ಯಾವಾಗ ಬೇಕಾದರೂ ಹಾಡುತ್ತದೆ, ಹಾಗಾಗಿ ಹೊತ್ತು ಎಷ್ಟೆಂದು ಹೇಳಲಾರದು. ಇದಕ್ಕಿಂತ ಕುತೂಹಲದ ಸಂಗತಿ ದೂರದೇಶದ ಕನ್ನಡಿಗರದು. ಆಕಾಶವಾಣಿಯ ಪ್ರಸಾರ ಈಗ ಆ್ಯಪಿನಲ್ಲಿ ಪ್ರಪಂಚಕ್ಕೆಲ್ಲ ಸಿಗುತ್ತದೆ, ಗರಗರ ಸದ್ದಿಲ್ಲದೆ. ಬೆಂಗಳೂರಿನಲ್ಲಿ ಬೆಳಗಿನ 5.55 ಆದಾಗ ಬೇಸಿಗೆಯಲ್ಲಿ ನ್ಯೂಜೆರ್ಸಿಯಲ್ಲಿ ಹಿಂದಿನ ದಿನದ ರಾತ್ರಿ 8.25. ಸ್ವರಗಳು ಅವೇ, ಪಿಟೀಲು ಅದೇ, ಆದರೆ ಊಟ ಮುಗಿಸಿ ಪಾತ್ರೆ ಎತ್ತಿಡುವ ಹೊತ್ತಿಗೆ ಸುಪ್ರಭಾತ. ಅಲ್ಲಿ ಅದು ಬೆಳಗು ಮಾಡುವುದಿಲ್ಲ. ಊರಿನಲ್ಲಿ ಈಗ ಯಾರೋ ಎದ್ದು ಬಾಗಿಲು ತೆರೆಯುತ್ತಿದ್ದಾರೆ ಎಂಬುದನ್ನು ಮಾತ್ರ ತಿಳಿಸುತ್ತದೆ. ಅಷ್ಟು ತಿಳಿಯಲೆಂದೇ ಹಾಕಿಕೊಳ್ಳುವವರಿದ್ದರೆ ಅವರು ಸಂಕೇತ ಸಂಗೀತದ ಮರ್ಮವನ್ನು ಚೆನ್ನಾಗಿ ಬಲ್ಲವರು.

2001ರ ಜುಲೈಯಲ್ಲಿ ರೇಡಿಯೋ ಸಿಟಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಆಗಿ ಶುರುವಾದಂದಿನಿಂದ ಜಿಂಗಲ್ಲುಗಳಿಗೇನೂ ಬರವಿಲ್ಲ. ಗಂಟೆಯಲ್ಲಿ ಹತ್ತಾರು ಸಲ ನಿಲಯದ ಹೆಸರನ್ನು ಹಾಡಿ ಹೇಳುತ್ತಾರೆ. ಹಳೆಯ ಸಂಕೇತ ಸಂಗೀತ ಹೊಸ್ತಿಲಿನಲ್ಲಿ ಒಮ್ಮೆ ಬರುತ್ತಿತ್ತು, ಇದು ಮನೆಯೊಳಗೆಲ್ಲ ಓಡಾಡುತ್ತದೆ. ಆದರೂ ಆ ಜಿಂಗಲ್ ಕೇಳುತ್ತ ಬೈಕಿನಲ್ಲೋ ಬಸ್ಸಿನಲ್ಲೋ ಕಾಲೇಜಿಗೆ ಹೋದವರಿಗೆ ಈಗ ನಲವತ್ತು, ನಾಳೆ ಅವರೂ ಅದಕ್ಕಾಗಿ ಹಂಬಲಿಸುತ್ತಾರೆ. ಆ ಹಂಬಲವೂ ಇಷ್ಟೇ ಮರ್ಯಾದೆಗೆ ಅರ್ಹ.

ನನ್ನನ್ನು ನಿಜವಾಗಿ ಕಾಡುವುದು ಬೇರೆ. ಹಾಡನ್ನು ಕಾಪಾಡಲು ಧ್ವನಿಮುದ್ರಣ ಕಂಪನಿಗಳಿವೆ, ಹಕ್ಕುದಾರರಿದ್ದಾರೆ, ಸಂಗ್ರಾಹಕರಿದ್ದಾರೆ. ಹಾಡಿನ ಆಚೀಚಿನದಕ್ಕೆ ಯಾರೂ ಇಲ್ಲ. ದೊಡ್ಡ ವಿದ್ವಾಂಸರ ಕಛೇರಿಗಳನ್ನು ಆಕಾಶವಾಣಿ ತನ್ನ ಸಂಗ್ರಹದಲ್ಲಿ ಇಟ್ಟುಕೊಂಡಿದೆ. ದಿನನಿತ್ಯದ ಉದ್ಘೋಷಣೆ ಮೈಕಿನಿಂದ ನೇರವಾಗಿ ಗಾಳಿಗೆ ಹೋಯಿತು, ಅದನ್ನು ಮುದ್ರಿಸಿಕೊಳ್ಳಬೇಕೆಂದು ಯಾರಿಗಾದರೂ ಏಕೆ ಅನಿಸಬೇಕು? ಈ ಅನಾದರಕ್ಕೆ ಎಲ್ಲಕ್ಕಿಂತ ದೊಡ್ಡ ನಿದರ್ಶನ ಆ ಸಂಕೇತ ಸಂಗೀತವೇ. ಅದನ್ನು ರಚಿಸಿದವರು ವಾಲ್ಟರ್ ಕೌಫ್‌ಮನ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. 1907ರಲ್ಲಿ ಬೊಹೆಮಿಯಾದ ಕಾರ್ಲ್ಸ್‌ಬಾಡಿನಲ್ಲಿ ಹುಟ್ಟಿದ ಯಹೂದಿ, ಯುರೋಪಿನಲ್ಲಿ ನಾಜಿಗಳ ನೆರಳು ಕವಿಯುತ್ತಿದ್ದಾಗ 1934ರಲ್ಲಿ ಮುಂಬಯಿಗೆ ಬಂದವರು, ಅಲ್ಲಿನ ರೇಡಿಯೋದಲ್ಲಿ ಕೆಲಸ ಮಾಡಿದವರು. ಮನೆ ಕಳೆದುಕೊಂಡು ಬಂದವರೊಬ್ಬರು ನಮ್ಮ ಮನೆಗಳಿಗೆ ಬೆಳಗಿನ ಗುರುತು ಕೊಟ್ಟುಹೋದರು. ಪಿಟೀಲು ನುಡಿಸಿದವರು ಜುಬಿನ್ ಮೆಹ್ತಾರ ತಂದೆ ಮೆಹ್ಲಿ ಮೆಹ್ತಾ ಎನ್ನುತ್ತಾರೆ. ರಚನೆ ಬೇರೊಬ್ಬರದೆಂದು ಹೇಳುವವರೂ ಇದ್ದಾರೆ. ದೇಶದಲ್ಲಿ ಅತಿ ಹೆಚ್ಚು ಸಲ ನುಡಿದ ಈ ಸ್ವರಗಳ ವಿಷಯದಲ್ಲೂ 'ಎನ್ನುತ್ತಾರೆ' ಎಂಬಲ್ಲೇ ನಿಲ್ಲಬೇಕಾಗಿದೆ. ತಂಬೂರಿ ಮೀಟಿದವರ ಹೆಸರನ್ನಂತೂ ಯಾರೂ ಹೇಳುವುದೇ ಇಲ್ಲ.

ಉಳಿದದ್ದೇನಾದರೂ ಇದ್ದರೆ ಅದು ಅಟ್ಟದ ಮೇಲಿನ ಕ್ಯಾಸೆಟ್ಟುಗಳಲ್ಲಿ. ಎಂಬತ್ತರ ದಶಕದಲ್ಲಿ ಟೇಪ್‌ರೆಕಾರ್ಡರ್ ಮನೆಗೆ ಬಂದಾಗ ಜನ ರೇಡಿಯೋದ ಹಾಡುಗಳನ್ನು ತುಂಬಿಸಿಕೊಂಡರು. ಉದ್ಘೋಷಕಿಯ ಮಾತು ಬೇಡ, ಹಾಡಷ್ಟೇ ಸಾಕೆಂದು ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದರು. ಬೆರಳು ಕೆಲವೊಮ್ಮೆ ಒಂದು ಕ್ಷಣ ಮುಂಚೆ ಒತ್ತಿತು, ಕೆಲವೊಮ್ಮೆ ತಡವಾಗಿ ಬಿಟ್ಟಿತು. ಹಾಗೆ ಹಾಡಿನ ಮುಂಚೆ 'ಸಂಗೀತ ರಾಜನ್-ನಾಗೇಂದ್ರ' ಎಂಬ ಅರ್ಧ ವಾಕ್ಯ, ಹಾಡು ಮುಗಿದ ಮೇಲೆ ಗಂಟೆಯ ಎರಡು ಪೀಪ್, 'ಈಗ ಸಮಯ' ಎನ್ನುತ್ತಿದ್ದಂತೆ ಕತ್ತರಿಸಿಹೋದ ಒಂದು ಹೆಣ್ಣುಧ್ವನಿ ಟೇಪಿನ ಮೇಲೆ ಉಳಿದುಕೊಂಡಿವೆ. ಈಗ ಆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವವರು ಮೊದಲು ಮಾಡುವ ಕೆಲಸ ಆ ತುದಿಗಳನ್ನು ಕತ್ತರಿಸಿ ಹಾಡನ್ನು ಶುಚಿಗೊಳಿಸುವುದು. ಹಾಡು ಬೇರೆ ನೂರು ಕಡೆ ಸಿಗುತ್ತದೆ. ಆ ತುದಿಗಳು ಬೇರೆಲ್ಲೂ ಇಲ್ಲ, ದಯವಿಟ್ಟು ಅವನ್ನು ಕತ್ತರಿಸಬೇಡಿ.