ಮೀಸೆಯೇ ಮೂಗು

ಕಣಜದ ಕತ್ತಲೆಯಲ್ಲಿ ಬಾಳುವ ಹುಳುವಿಗೆ ಕಣ್ಣಿನಿಂದ ಹೆಚ್ಚು ಪ್ರಯೋಜನವಿಲ್ಲ. ನಮ್ಮಂತೆ ಮೂಗೂ ಅದಕ್ಕಿಲ್ಲ. ತಲೆಯ ಮೇಲಿನ ಎರಡು ಮೀಸೆಗಳೇ ಅದರ ಮೂಗು. ಊಟ, ನೆಂಟಸ್ತಿಕೆ, ಮನೆ ಹುಡುಕುವುದು, ಎಲ್ಲಕ್ಕೂ ವಾಸನೆಯೇ ದಾರಿ ತೋರಿಸಬೇಕು. ಇತಿಹಾಸ, ಅರ್ಥಶಾಸ್ತ್ರ ಓದುವವನಿಗೆ ಹುಳುಗಳ ಗೊಡವೆ ಏಕೆಂದು ಮಿತ್ರರು ನಗಬಹುದು. ಒಕ್ಕಲು ಮನೆಯಲ್ಲಿ ಹುಟ್ಟಿದವನಿಗೆ ಅರ್ಥಶಾಸ್ತ್ರದ ಮೊದಲ ಪಾಠ ಕಾಳಿನ ಮಡಕೆಯಲ್ಲಿಯೇ ಆಗುತ್ತದೆ.

1959ರಲ್ಲಿ ಜರ್ಮನಿಯ ಬ್ಯೂಟೆನಾಂಟ್ ಮತ್ತು ಅವರ ಸಂಗಡಿಗರು ಸುಮಾರು 5 ಲಕ್ಷ ಹೆಣ್ಣು ರೇಷ್ಮೆ ಚಿಟ್ಟೆಗಳಿಂದ, ಗಂಡನ್ನು ಕರೆಯುವ ದ್ರವ್ಯವನ್ನು ಬೇರ್ಪಡಿಸಿ ಗುರುತಿಸಿದರು. ಒಂದು ಜೀವಿ ಹೊರಸೂಸಿ, ತನ್ನದೇ ಜಾತಿಯ ಇನ್ನೊಂದರ ನಡತೆಯನ್ನು ಬದಲಿಸುವ ಇಂಥ ದ್ರವ್ಯಗಳಿಗೆ ಫೆರೊಮೋನ್ ಎಂಬ ಹೆಸರು ಬಂದದ್ದೂ ಅದೇ ವರ್ಷ.

ಹಿಟ್ಟಿನಲ್ಲಿ ಕಾಣುವ ಕೆಂಪು ಹುಳುವನ್ನೇ ನೋಡಿರಿ. ಗಂಡು ಸೂಸುವ ವಾಸನೆಗೆ ಗಂಡು ಹೆಣ್ಣು ಎರಡೂ ಬಂದು ಸೇರುತ್ತವೆ. ಸಂತೆ ಮಿತಿಮೀರಿದಾಗ ಅವೇ ಹುಳುಗಳು ಕ್ವಿನೋನ್ ಎಂಬ ಕಟು ದ್ರವ್ಯವನ್ನು ಬಿಟ್ಟು, ತುಂಬಿದ ಬಸ್ಸಿನ ಕಂಡಕ್ಟರಂತೆ ಹೊಸಬರನ್ನು ದೂರವಿಡುತ್ತವೆ. ಈಗ ಗೋದಾಮುಗಳಲ್ಲಿಯೂ ಹಿಟ್ಟಿನ ಗಿರಣಿಗಳಲ್ಲಿಯೂ ಹುಳುಗಳನ್ನು ಕರೆಯುವ ವಾಸನೆಯನ್ನು ಕೃತಕವಾಗಿ ತಯಾರಿಸಿ ಬೋನಿನಲ್ಲಿಡುವುದುಂಟು. ಬಿದ್ದ ಹುಳುಗಳನ್ನು ಎಣಿಸಿ, ಔಷಧ ಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ನಮ್ಮ ಅವ್ವನಿಗೆ ಬೋನು ಬೇಡ. ಅಕ್ಷರ ಬಾರದ ಆಕೆ ಡಬ್ಬಿಯ ಮುಚ್ಚಳ ತೆಗೆದೊಡನೆ, “ಹುಳ ಬಿದ್ದೈತೆ ಕಣಪ್ಪ, ಮೂಗಿಗೆ ಗೊತ್ತಾಗಲ್ವ?” ಎನ್ನುತ್ತಾಳೆ. ಆಕೆಯ ಮೂಗಿಗೆ ತಾಗುವುದು ಆ ಕ್ವಿನೋನೇ.

ದ್ವಿದಳ ಧಾನ್ಯದ ಹುಳುವಿನ ಕಥೆ ಇನ್ನೂ ಸೋಜಿಗದ್ದು. ಹೆಣ್ಣು ಹುಳು ಕಾಳಿನ ಮೇಲೆ ಮೊಟ್ಟೆಯಿಟ್ಟು, ಅಲ್ಲಿಯೇ ಒಂದು ವಾಸನೆಯ ಗುರುತನ್ನೂ ಬಿಡುತ್ತದೆ. ಅದನ್ನರಿತ ಮತ್ತೊಂದು ಹೆಣ್ಣು ಸಾಧ್ಯವಾದಷ್ಟು ಬೇರೆ ಕಾಳನ್ನು ಹುಡುಕುತ್ತದೆ. ಮರಿಗಳಿಗೆ ಊಟದ ಜಗಳವಿಲ್ಲ. ಹುಳುವಿನ ಸಮಾಜದಲ್ಲಿ ಇದು ದೊಡ್ಡ ಮರ್ಯಾದೆಯೇ ಸರಿ. ಆದರೆ ಈ ಮರ್ಯಾದೆಯಿಂದಲೇ ಕೇಡು ಒಂದೆರಡು ಕಾಳಿಗೆ ನಿಲ್ಲದೆ ಮಡಕೆಗೆಲ್ಲ ಹಂಚಿಹೋಗುತ್ತದೆ.

ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಹಾಗೆಯೇ ಆಯಿತು. ಬಿತ್ತನೆಗೆಂದು ಬೇವಿನ ಸೊಪ್ಪು ಹಾಕಿ ಇಟ್ಟಿದ್ದ ಅಲಸಂದೆಯಲ್ಲಿ ಕಾಳುಕಾಳಿಗೂ ತೂತು. ನನ್ನ ಫೀಸಿಗೆಂದು ಎತ್ತಿಟ್ಟ ಹಣ ಬೀಜಕ್ಕೆ ಹೋಯಿತು. ಅಪ್ಪ ಕೈಸಾಲ ತಾರದಿದ್ದರೆ ನನ್ನ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಬೇವಿನ ವಾಸನೆ ಹುಳುವಿಗೆ ಆಗದೆಂಬುದು ಸುಳ್ಳಲ್ಲ. ಆದರೆ ಈ ಹುಳು ಹೊಲದಲ್ಲಿಯೇ ಕಾಯಿಯ ಮೇಲೆ ಮೊಟ್ಟೆಯಿಡುತ್ತದೆ. ಮರಿ ಕಾಳಿನೊಳಗೇ ಕುಳಿತು ಮನೆಗೆ ಬರುತ್ತದೆ. ಸೊಪ್ಪಿನ ವಾಸನೆ ಬರುವವರನ್ನು ತಡೆದೀತು, ಒಳಗೆ ಕುಳಿತವರನ್ನು ಎಬ್ಬಿಸಲಾರದು. ಇದನ್ನು ಓದಿ ತಿಳಿದು ಅವ್ವನಿಗೆ ಹೇಳಿದೆ. ಆಕೆ, “ಮೊದಲು ಬಿಸಿಲಿಗೆ ಹಾಕು, ಆಮೇಲೆ ಸೊಪ್ಪು ಅಂತ ನಮ್ಮತ್ತೆ ಹೇಳಿಕೊಟ್ಟಿದ್ರು. ಆ ವರ್ಷ ಮಳೆ ಬಿಡಲಿಲ್ವಲ್ಲಪ್ಪ” ಎಂದಳು.

ಕ್ರಮ ಆಕೆಗೆ ತಿಳಿದೇ ಇತ್ತು. ಕಾರಣ ಪುಸ್ತಕದಲ್ಲಿತ್ತು. ಕಾರಣ ತಿಳಿದಿದ್ದರೆ, ಬಿಸಿಲಿಲ್ಲದ ವರ್ಷಕ್ಕೆ ಬೇರೆ ದಾರಿ ಹುಡುಕಬಹುದು. ಕಾಳಿಗೆ ತೆಳುವಾಗಿ ಎಣ್ಣೆ ಸವರಿದರೆ ಮೇಲಿನ ಮೊಟ್ಟೆ ಸಾಯುತ್ತದೆ. ಕಳೆದ ವರ್ಷ ಒಕ್ಕಣೆ ಮುಗಿದೊಡನೆ ಬಿಸಿಲು ಕಾಯಿಸಿ, ಹರಳೆಣ್ಣೆ ಸವರಿ, ಬಾಯಿ ಬಿಗಿದು ಇಟ್ಟೆವು. ಬೀಜ ಉಳಿಯಿತು, ಈ ವರ್ಷದ ಫೀಸೂ ಉಳಿಯಿತು.

ನಮ್ಮಲ್ಲಿ ಅನೇಕರು ಮನೆಯ ಮೊದಲ ಪದವೀಧರರಾಗಿ ಬರುವ ತಿಂಗಳುಗಳಲ್ಲಿ ಊರಿಗೆ ಮರಳುವವರು. ಹಿರಿಯರಿಗೆ ಪಾಠ ಹೇಳುವ ಮುನ್ನ ಅವರು ಏನು ಮಾಡುತ್ತಾರೆ, ಏಕೆ ಮಾಡುತ್ತಾರೆ ಎಂದು ಕೇಳಿಕೊಳ್ಳೋಣ. ಅವರು ಬಿಟ್ಟ ಕಾರಣವನ್ನು ತುಂಬಿಕೊಡುವಷ್ಟು ಓದು ನಮಗೆ ದೊರೆತಿದ್ದರೆ, ಈ ಮೂರು ವರ್ಷ ವ್ಯರ್ಥವಾಗಲಿಲ್ಲವೆಂದು ಭಾವಿಸಬಹುದು.