ದಂಡೆತ್ತುವ ಕಾಲ

ನಮ್ಮ ಕೈಯಿಂದ ಇದುವರೆಗೆ ಒಂದು ಇಲಿಯೂ ಸತ್ತದ್ದಿಲ್ಲ. ಬೋನಿಗೆ ಬಿದ್ದ ಇಲಿಯನ್ನು ಬಯಲಿಗೆ ಒಯ್ದು ಬಿಟ್ಟುಬರುವ ಕೆಲಸವೂ ನಮ್ಮ ಮನೆಯಾಕೆಯದೇ. ಇಂಥ ನಾವು ಕಳೆದ ಕೆಲವು ವರ್ಷಗಳಲ್ಲಿ ಮೂವತ್ತಕ್ಕೆ ಕಡಿಮೆಯಿಲ್ಲದಷ್ಟು ಯುದ್ಧಗಳನ್ನು ಹೂಡಿದ್ದೇವೆಂದೂ, ಸ್ಪೇನಿನ ರಾಣಿಯ ಪಟ್ಟಣಗಳನ್ನು ಸುಟ್ಟು ಬೂದಿಮಾಡಿದ್ದೇವೆಂದೂ ಹೇಳಿದರೆ ವಾಚಕರು ನಗಬಹುದು. ಆದರೂ ಮಾತು ನಿಜ. ಈ ರಣರಂಗವೆಲ್ಲವೂ ಇರುವುದು ನಮ್ಮ ಪಡಸಾಲೆಯ ಮೂಲೆಯ ಮೇಜಿನ ಮೇಲೆ. ಕಾಲ, ರಾತ್ರಿಯ ಊಟವಾದ ಮೇಲೆ ನಿದ್ರೆ ಬರುವವರೆಗೆ.

೨೦೨೨ರ ಬೇಸಗೆಯಲ್ಲಿ ರಜೆಗೆಂದು ಬಂದ ಮಗಳ ಮಗನು ನಮ್ಮ ಕಂಪ್ಯೂಟರಿನಲ್ಲಿ ‘ಸಿವಿಲೈಜೇಷನ್’ ಎಂಬ ಆಟವನ್ನು ಇರಿಸಿ ಹೋದನು. ಸಿಡ್ ಮೇಯರ್, ಬ್ರೂಸ್ ಶೆಲ್ಲಿ ಎಂಬಿಬ್ಬರು ೧೯೯೧ರಲ್ಲಿ ಅಮೆರಿಕದಲ್ಲಿ ಮೊದಲು ಇದನ್ನು ಹೊರತಂದರು. ಅಲ್ಲಿಂದೀಚೆಗೆ ಇದರ ಏಳು ಅವತಾರಗಳಾಗಿವೆ. ನಾವಾಡುವುದು ೨೦೦೫ರ ನಾಲ್ಕನೆಯದು. ಏಳನೆಯದಕ್ಕೆ ಬೇಕಾಗುವ ಯಂತ್ರವೂ ಕಣ್ಣೂ ನಮ್ಮಲ್ಲಿಲ್ಲ.

ಆಟದ ಕ್ರಮವು ಚದುರಂಗದಂತೆ ಸರದಿಯದು. ನೀವು ನಡೆಯಿಸುವಷ್ಟನ್ನು ನಡೆಯಿಸಿ ಕೈಬಿಟ್ಟರೆ, ಉಳಿದ ಅರಸರು ತಮ್ಮ ತಮ್ಮ ನಡೆ ನಡೆಯುತ್ತಾರೆ. ನೀವು ಒಂದು ಗಂಟೆ ಯೋಚಿಸುತ್ತ ಕುಳಿತರೂ ಅವರು ಕಾದಿರುತ್ತಾರೆ. ಕ್ರಿಸ್ತಪೂರ್ವ ೪೦೦೦ದಲ್ಲಿ, ಊರು ಕಟ್ಟಲು ಹೊರಟ ಒಂದು ಗುಂಪಿನೊಡನೆ ಪ್ರಾರಂಭವಾಗಿ ಕ್ರಿಸ್ತಶಕ ೨೦೫೦ಕ್ಕೆ ಮುಗಿಯುತ್ತದೆ. ಮೊದಮೊದಲು ಒಂದೊಂದು ಸರದಿಗೆ ನಲವತ್ತು ವರ್ಷಗಳು ಕಳೆಯುತ್ತವೆ. ಹೊಲ ಊಳಬೇಕು, ಗಣಿ ತೋಡಬೇಕು, ದಾರಿ ಹಾಕಬೇಕು, ವಿದ್ಯೆಗಳನ್ನು ಒಂದೊಂದಾಗಿ ಸಂಪಾದಿಸಬೇಕು. ಗೆಲ್ಲಲು ಯುದ್ಧವೇ ಆಗಬೇಕೆಂಬ ನಿಯಮವಿಲ್ಲ. ಸಂಸ್ಕೃತಿಯಲ್ಲಿ ಮೂರು ಪಟ್ಟಣಗಳನ್ನು ಲೋಕವಿಖ್ಯಾತವಾಗಿ ಮಾಡಿದರೂ ಗೆಲವು. ದೂರದ ಆಲ್ಫಾ ಸೆಂಟಾರಿ ನಕ್ಷತ್ರಕ್ಕೆ ಎಲ್ಲರಿಗಿಂತ ಮೊದಲು ವಿಮಾನವನ್ನು ಕಳುಹಿಸಿದರೂ ಗೆಲವು. ಆದುದರಿಂದಲೇ ಕಷ್ಟ. ಯುದ್ಧವು ವಿಧಿಯಾಗಿದ್ದರೆ ಮಾಡಿ ಮುಗಿಸಬಹುದು. ಮಾಡದೆಯೂ ಇರಬಹುದಾದಾಗ, ಮಾಡುವುದೋ ಬಿಡುವುದೋ, ಮಾಡುವುದಾದರೆ ಯಾವಾಗ ಎಂಬ ಪ್ರಶ್ನೆ ನಮ್ಮ ತಲೆಯ ಮೇಲೆ ಬಂದು ಕೂರುತ್ತದೆ.

ನಾವು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆಯ ಪಾಠ ಹೇಳಿದವರು. ‘ಯುದ್ಧಕ್ಕೆ ಕಾರಣಗಳು ಐದು’ ಎಂದು ಎಷ್ಟು ಮಕ್ಕಳಿಂದ ಬರೆಯಿಸಿದೆವೋ ಲೆಕ್ಕವಿಲ್ಲ. ಆ ಐದು ಕಾರಣಗಳೂ ಹತ್ತು ವರ್ಷ ಮೊದಲೇ ಇದ್ದುವಲ್ಲ, ಆಗೇಕೆ ಯುದ್ಧವಾಗಲಿಲ್ಲ ಎಂದು ಯಾವ ಹುಡುಗನೂ ಕೇಳಲಿಲ್ಲ, ನಮಗೂ ಹೊಳೆಯಲಿಲ್ಲ.

ನಮ್ಮ ಮೊದಮೊದಲಿನ ಯುದ್ಧಗಳೆಲ್ಲ ಸಿಟ್ಟಿನವು. ಒಮ್ಮೆ ನಮ್ಮೆರಡು ಪಟ್ಟಣಗಳ ನಡುವೆ ಕಬ್ಬಿಣದ ಅದಿರಿದ್ದ ಜಾಗವೊಂದನ್ನು ಕಂಡು, ಅಲ್ಲಿ ಊರು ಕಟ್ಟಲು ಜನವನ್ನು ಹೊರಡಿಸಿದ್ದೆವು. ನಮ್ಮವರು ಇನ್ನೂ ದಾರಿಯಲ್ಲಿರುವಾಗಲೇ ಸ್ಪೇನಿನ ರಾಣಿ ಇಸಬೆಲ್ಲಳು ಅಲ್ಲಿಯ ಗುಡ್ಡದ ಮೇಲೆ ತನ್ನ ಊರನ್ನು ಕಟ್ಟಿಬಿಟ್ಟಳು. ನಮಗೆ ಕಣ್ಣು ಕೆಂಪಾಯಿತು. ತಾಮ್ರದ ಬಲದಿಂದ ಕಟ್ಟಿಟ್ಟುಕೊಂಡಿದ್ದ ಆರು ಮಂದಿ ಖಡ್ಗಧಾರಿಗಳನ್ನು ಆ ಸರದಿಯಲ್ಲಿಯೇ ಗುಡ್ಡದ ಮೇಲೆ ನುಗ್ಗಿಸಿದೆವು. ಊರೊಳಗಿದ್ದವರು ಬರಿಯ ಬಿಲ್ಲುಗಾರರು. ಬಯಲಿನಲ್ಲಿ ಸಿಕ್ಕಿದ್ದರೆ ನಮ್ಮ ಒಬ್ಬನಿಗೆ ಅವರಿಬ್ಬರೂ ಸಮವಲ್ಲ. ಆದರೆ ಗುಡ್ಡವು ಕಾಯುವವನಿಗೆ ನೂರಕ್ಕೆ ಇಪ್ಪತ್ತೈದರಷ್ಟು ಬಲವನ್ನು ಕೂಡಿಸುತ್ತದೆ. ಕದಲದೆ ಬೇರೂರಿ ಕುಳಿತವನಿಗೆ ಮತ್ತೆ ಇಪ್ಪತ್ತೈದು. ಊರನ್ನು ಕಾಯುವುದರಲ್ಲಿ ಬಿಲ್ಲುಗಾರನ ಸ್ವಂತ ಕೌಶಲಕ್ಕೆ ಇನ್ನೂ ಐವತ್ತು. ಅಂಕಗಣಿತ ಬಲ್ಲ ಯಾರೂ ಮಾಡಬಾರದ ಕೆಲಸವನ್ನು ನಾವು ಮಾಡಿದ್ದೆವು. ಆರರಲ್ಲಿ ಆರೂ ಹೋದುವು. ಇದರ ಮೇಲೆ ರಾಣಿಯ ಸ್ನೇಹಿತರಾದ ಇಬ್ಬರು ಅರಸರು ನಮ್ಮೊಡನೆ ವ್ಯಾಪಾರವನ್ನು ನಿಲ್ಲಿಸಿದರು.

ಮೊಮ್ಮಗನು ದೂರವಾಣಿಯಲ್ಲಿ ಇದನ್ನೆಲ್ಲ ಕೇಳಿ, “ತಾತ, ಕೋಪ ಬಂದಾಗ ಯುದ್ಧ ಹೂಡಬಾರದು. ಕೋಪ ಬಂದರೆ ಆಗ ಕವಣೆಯಂತ್ರ ಕಟ್ಟೋದಕ್ಕೆ ಶುರುಮಾಡಬೇಕು” ಎಂದನು. ಹದಿನಾಲ್ಕು ವರ್ಷದ ಹುಡುಗ!

ಅಲ್ಲಿಂದ ಮುಂದೆ ನಾವು ಕಲಿತದ್ದರ ಸಾರವು ‘ಕಿಟಕಿ’ ಎಂಬ ಒಂದು ಮಾತಿನಲ್ಲಿದೆ, ಮಾತು ಮೊಮ್ಮಗನದು. ನಾವು ಒಂದು ವಿದ್ಯೆಯನ್ನು ಪಡೆದು ನೆರೆಯವನು ಅದಕ್ಕೆ ಪ್ರತಿಯಾದುದನ್ನು ಇನ್ನೂ ಪಡೆಯದಿರುವಷ್ಟು ಕಾಲ ಮಾತ್ರ ಕಿಟಕಿ ತೆರೆದಿರುತ್ತದೆ. ರೋಮ್ ರಾಜ್ಯವನ್ನು ಆಳುವವನಿಗೆ ಪ್ರಿಟೋರಿಯನ್ ಎಂಬ ಯೋಧರು ಸಿಕ್ಕುತ್ತಾರೆ. ಬೇರೆಯವರ ಖಡ್ಗಧಾರಿಯ ಬಲ ಆರಾದರೆ ಇವರ ಬಲ ಎಂಟು. ನೆರೆಯವನು ಉದ್ದಬಿಲ್ಲನ್ನು ಕಲಿಯುವವರೆಗೆ ಇವರನ್ನು ತಡೆಯುವವರಿಲ್ಲ. ಕಲಿತ ಮರುದಿನದಿಂದ ಇವರೂ ಎಲ್ಲರಂತೆ. ಮುಂದೆ ಉಕ್ಕಿನ ವಿದ್ಯೆ ಬಂದಾಗ ಫಿರಂಗಿಯ ಬಲ ಹನ್ನೆರಡು. ಎದುರಿಗೆ ಉದ್ದಬಿಲ್ಲಿನವನ ಬಲ ಆರೇ ಆಗಿದ್ದರೆ ಕಿಟಕಿಯಲ್ಲ, ಹೆಬ್ಬಾಗಿಲೇ ತೆರೆದಂತೆ. ಆದರೆ ವಿದ್ಯೆ ಬಂದ ಮೇಲೆ ಸೈನ್ಯ ಕಟ್ಟುತ್ತೇನೆಂದು ಹೊರಟರೆ ತಡವಾಯಿತು. ಕಣಜ ತುಂಬಿರಬೇಕು, ಬೊಕ್ಕಸದಲ್ಲಿ ಹಣವಿರಬೇಕು, ದಾರಿಗಳು ಗಡಿಯವರೆಗೆ ಸಾಗಿರಬೇಕು. ಯುದ್ಧವನ್ನು ಸಾರುವ ಸರದಿಗಿಂತ ಮೂವತ್ತು ಸರದಿ ಹಿಂದೆಯೇ ಯುದ್ಧ ತೀರ್ಮಾನವಾಗಿರುತ್ತದೆ.

ಎದುರಾಳಿಯೂ ಹೀಗೆಯೇ ಕಿಟಕಿಯನ್ನು ನೋಡುತ್ತಿರುತ್ತಾನೆಂಬುದನ್ನು ಮರೆಯಬಾರದು. ಅದನ್ನು ತಿಳಿಯಲು ಆಡುವವರಲ್ಲಿ ಒಂದು ಉಪಾಯವುಂಟು. ಯಾರೊಡನೆಯೂ ಕಾದದೆ ಇರುವ ಅರಸನನ್ನು, “ಇಂಥವನ ಮೇಲೆ ನಮ್ಮೊಡನೆ ದಂಡೆತ್ತಿ ಬರುತ್ತೀರಾ?” ಎಂದು ಕೇಳಿನೋಡುವುದು. “ಈಗ ನಮ್ಮ ಕೈತುಂಬ ಕೆಲಸವಿದೆ” ಎಂಬ ಅರ್ಥದ ಉತ್ತರ ಬಂದರೆ, ಆತನು ಯಾರ ಮೇಲೋ ಗುಟ್ಟಾಗಿ ಸಿದ್ಧತೆ ನಡೆಸಿದ್ದಾನೆಂದು ತಿಳಿಯತಕ್ಕದ್ದು. ಆ ಯಾರೋ ನಾವೇ ಆಗಿರುವುದೂ ಉಂಟು.

ಗೆದ್ದ ಮೇಲಿನ ಕಷ್ಟವನ್ನು ಯಾರೂ ನಮಗೆ ಮೊದಲು ಹೇಳಿರಲಿಲ್ಲ. ಹಿಡಿದ ಊರು ಕೆಲವು ಸರದಿ ದಂಗೆಯಲ್ಲಿದ್ದು ಏನನ್ನೂ ದುಡಿಯುವುದಿಲ್ಲ. ದಂಗೆ ಅಡಗಿದ ಮೇಲೆ ಅದರ ಆಡಳಿತದ ಖರ್ಚು ನಮ್ಮದು. ಅನ್ಯರ ನೆಲದಲ್ಲಿ ಕಾದಾಟ ಬೆಳೆದಷ್ಟೂ ನಮ್ಮ ಪ್ರಜೆಗಳು ಬೇಸತ್ತು ಕೆಲಸಕ್ಕೆ ಹೋಗದೆ ಕೂರುತ್ತಾರೆ. ಇಸಬೆಲ್ಲಳ ಮೇಲೆ ಎರಡನೆಯ ಸಲ ಕವಣೆಯಂತ್ರಗಳೊಡನೆ ಹೋಗಿ, ಮೊದಲ ಎರಡು ಯಂತ್ರಗಳನ್ನು ಬಲಿಗೊಟ್ಟು (ಅದು ಹಾಗೆಯೇ, ಮುಂದಿನವರಿಗೆ ದಾರಿಯಾಗಲೆಂದು ಮೊದಲಿನವರು ಸಾಯಬೇಕು) ಐದು ಊರುಗಳನ್ನು ಹಿಡಿದೆವು. ಸಾಕುವ ಶಕ್ತಿಯಿಲ್ಲದೆ ಮೂರನ್ನು ಸುಟ್ಟೆವು. ಊರನ್ನು ಇಟ್ಟುಕೊಳ್ಳುವಿರೋ ಸುಡುವಿರೋ ಎಂದು ಯಂತ್ರವು ಬಹಳ ಮರ್ಯಾದೆಯಿಂದ ಕೇಳುತ್ತದೆ. ಹಿಂದೆ ನಿಂತು ನೋಡುತ್ತಿದ್ದ ಮನೆಯಾಕೆ, “ಆ ಊರಿನಲ್ಲಿ ಎಷ್ಟು ಜನವಿದ್ದರು?” ಎಂದು ಕೇಳಿದಳು. ನಾವು ಹೇಳಲಿಲ್ಲ. ಇಷ್ಟೆಲ್ಲ ಆದ ಮೇಲೂ ಆ ಆಟವನ್ನು ಗೆದ್ದವನು ಮಾಲಿ ದೇಶದ ಮನ್ಸಾ ಮೂಸ. ನಾವು ಕಾದುತ್ತಿದ್ದಷ್ಟು ಕಾಲವೂ ಆತನು ಯಾರ ತಂಟೆಗೂ ಹೋಗದೆ ವಿದ್ಯೆಗಳನ್ನು ಕೊಟ್ಟು ಕೊಂಡು ಮಾಡುತ್ತಿದ್ದು, ಕೊನೆಗೆ ನಕ್ಷತ್ರಕ್ಕೆ ವಿಮಾನವನ್ನು ಕಳುಹಿಸಿಬಿಟ್ಟನು.

ಈ ಸೋಲಿನ ಬಳಿಕ ನಾವು ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆಗೆದು ಓದಿದೆವು. ಆ ಗ್ರಂಥ ಮತ್ತೆ ಬೆಳಕು ಕಂಡದ್ದು ನಮ್ಮ ಮೈಸೂರಿನಲ್ಲಿ. ೧೯೦೫ರಲ್ಲಿ ಇಲ್ಲಿಯ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಅದರ ತಾಳೆಯೋಲೆಯ ಪ್ರತಿಯನ್ನು ಗುರುತಿಸಿದರು. ೧೯೦೯ರಲ್ಲಿ ಮೂಲವನ್ನು ಅಚ್ಚುಹಾಕಿಸಿದರು. ನಾವು ಆ ಕಟ್ಟಡದ ಮುಂದೆ ಎಷ್ಟೋ ವರ್ಷ ತಿರುಗಾಡಿಯೂ ಗ್ರಂಥವನ್ನು ಬಿಡಿಸಿ ನೋಡಿರಲಿಲ್ಲ. ನೆರೆಯವನೊಡನೆ ನಡೆಯುವ ರೀತಿ ಆರು ಎಂದು ಅದರಲ್ಲಿ ಹೇಳಿದೆ: ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ. ವಿಗ್ರಹವೆಂದರೆ ಹಗೆತನ, ಯಾನವೆಂದರೆ ದಂಡೆತ್ತಿ ನಡೆಯುವುದು. ಇವೆರಡೂ ಬೇರೆ ಬೇರೆ ಎಂಬುದೇ ನಮಗೆ ಹೊಸ ಸಂಗತಿ. ಸುಮ್ಮನೆ ಕುಳಿತಿರುವುದೂ, ಅಂದರೆ ಆಸನವೂ, ಒಂದು ನೀತಿಯೆಂದು ಎಣಿಸಿರುವುದು ಅದಕ್ಕಿಂತ ಹೊಸತು. ಸಂಧಿಯಿಂದಲೂ ವಿಗ್ರಹದಿಂದಲೂ ಸಮನಾದ ಲಾಭವಿದ್ದರೆ ಸಂಧಿಯನ್ನೇ ಹಿಡಿಯತಕ್ಕದ್ದೆಂದೂ, ವಿಗ್ರಹದಲ್ಲಿ ನಷ್ಟ, ವೆಚ್ಚ, ಪರಸ್ಥಳವಾಸ, ವಿಘ್ನಗಳಿರುವುವೆಂದೂ ಹೇಳುತ್ತಾನೆ. ಆದರೆ ಕೌಟಿಲ್ಯನನ್ನು ಸಾಧುವೆಂದು ಯಾರೂ ಭ್ರಮಿಸಬೇಕಾಗಿಲ್ಲ. ದಂಡಯಾತ್ರೆಯ ಕಾಲವನ್ನು ಹೇಳುವಲ್ಲಿ, ಶತ್ರುವಿನ ಹಳೆಯ ಧಾನ್ಯ ತೀರಿ ಹೊಸದು ಇನ್ನೂ ಕಣಜಕ್ಕೆ ಬಾರದಿರುವಾಗ, ಕೋಟೆಯ ದುರಸ್ತಿ ಆಗದಿರುವಾಗ ಮಾರ್ಗಶಿರದಲ್ಲಿ ಹೊರಡು ಎನ್ನುತ್ತಾನೆ. ಮೊಮ್ಮಗನ ಕಿಟಕಿಯೇ ಅದು.

ಈಗ ನಮ್ಮ ಮೇಜಿನ ಮೇಲಿರುವ ಆಟದಲ್ಲಿ ನೆರೆಯವಳು ಈಜಿಪ್ಟಿನ ಹಟ್ಶೆಪ್ಸೂಟ್. ಬಹಳ ನಯದ ಹೆಂಗಸು. ಆಕೆ ಬಾಣ ಬಿಟ್ಟು ನೆಲ ಹಿಡಿಯುವವಳಲ್ಲ. ಗುಡಿ ಗೋಪುರಗಳನ್ನು ಕಟ್ಟುತ್ತ ತನ್ನ ಸಂಸ್ಕೃತಿಯ ಎಲ್ಲೆಯನ್ನು ಸದ್ದಿಲ್ಲದೆ ಮುಂದೂಡುತ್ತಾಳೆ. ನಿನ್ನೆ ನಮ್ಮದಾಗಿದ್ದ ಹೊಲವು ಇಂದು ನೋಡಿದರೆ ಆಕೆಯ ಬಣ್ಣದಲ್ಲಿರುತ್ತದೆ. ಯುದ್ಧವಿಲ್ಲ, ದೂರು ಕೊಡುವ ಸ್ಥಳವೂ ಇಲ್ಲ. ನಾವು ಈ ಸಲ ಸಿಟ್ಟಾಗದೆ ಹತ್ತು ಫಿರಂಗಿಗಳನ್ನು ಕಟ್ಟಿ ಗಡಿಗೆ ತಂದು ನಿಲ್ಲಿಸಿದ್ದೇವೆ. ಆಕೆಯಲ್ಲಿರುವುದು ಇನ್ನೂ ಉದ್ದಬಿಲ್ಲು. ಪೂರ್ವಕ್ಕೆ ಬೇರೊಬ್ಬ ಅರಸನೊಡನೆ ಕಾದಿ ಬಳಲಿದ್ದಾಳೆ. ಎಲ್ಲವೂ ಶಾಸ್ತ್ರೋಕ್ತವಾಗಿದೆ.

ಇಲ್ಲಿ ಮನೆಯ ಮಾತೊಂದನ್ನು ಹೇಳಬೇಕಾಗಿದೆ. ನಮ್ಮ ಮನೆಯ ಪಕ್ಕದ ಮನೆ ನಮ್ಮ ಅಣ್ಣನದು. ತಂದೆಯವರ ಕಾಲದ ಒಂದೇ ಮನೆ, ಭಾಗವಾಗಿ ಎರಡಾದದ್ದು. ೨೦೧೫ರಲ್ಲಿ ನಾವು ಮಗಳ ಮನೆಗೆಂದು ಪುಣೆಗೆ ಹೋಗಿ ಎರಡು ತಿಂಗಳಿದ್ದು ಬರುವಷ್ಟರಲ್ಲಿ, ಹಿತ್ತಲಿನ ನಡುವೆ ಅಣ್ಣನು ಗೋಡೆ ಎಬ್ಬಿಸಿದ್ದನು. ಗೋಡೆ ಬೇಡವೆಂದಲ್ಲ. ನಮ್ಮ ಅಳತೆಯ ಪ್ರಕಾರ ಅದು ಒಂದೂವರೆ ಅಡಿ ನಮ್ಮ ಕಡೆಗೆ ಬಂದಿತ್ತು. ಅವನ ಅಳತೆಯ ಪ್ರಕಾರ ಬಂದಿರಲಿಲ್ಲ. ಪ್ರಯಾಣದ ಪೆಟ್ಟಿಗೆಯನ್ನು ಬಿಚ್ಚುವುದಕ್ಕೂ ಮೊದಲು, ಅದೇ ಸಂಜೆ, ನಾವು ವಕೀಲರ ಮನೆಗೆ ಹೋದೆವು. ಅಂದಿನ ನಮ್ಮ ಮುಖವನ್ನು ಇಸಬೆಲ್ಲಳ ಗುಡ್ಡದ ಮೇಲಿನ ಬಿಲ್ಲುಗಾರರು ಕಂಡಿದ್ದರೆ ಗುರುತಿಸುತ್ತಿದ್ದರು. ದಾವೆ ಬಿದ್ದು ಹತ್ತು ವರ್ಷವಾಯಿತು. ಆ ಒಂದೂವರೆ ಅಡಿಯ ಬೆಲೆಗಿಂತ ಹೆಚ್ಚು ಹಣ ಎರಡು ಮನೆಗಳಿಂದಲೂ ಹೋಗಿದೆ. ಅತ್ತಿಗೆಯವರು ನಮ್ಮ ಮನೆಯಾಕೆಯೊಡನೆ ಗೋಡೆಯ ಮೇಲಿಂದ ಕರಿಬೇವು ಕೊಟ್ಟು ತೆಗೆದುಕೊಂಡು ಮಾಡುವುದನ್ನು ನಾವಿಬ್ಬರು ಅಣ್ಣತಮ್ಮಂದಿರೂ ಕಂಡೂ ಕಾಣದವರಂತಿದ್ದೇವೆ.

ಕಳೆದ ತಿಂಗಳು ವಕೀಲರು ನಮ್ಮನ್ನು ಕರೆಸಿದರು. ಅಣ್ಣನು ಸ್ನಾನದ ಮನೆಯಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದಿದೆ, ಮಗನು ಅಮೆರಿಕದಲ್ಲಿದ್ದಾನೆ, ಕೋರ್ಟಿಗೆ ಓಡಾಡುವವರಿಲ್ಲ. “ಸ್ವಾಮಿ, ಇಷ್ಟು ವರ್ಷ ಕಾದದ್ದಕ್ಕೆ ಇದೇ ಸಮಯ. ಈಗ ಬಿಗಿಹಿಡಿದರೆ ಎರಡು ವಾಯಿದೆಗಳಲ್ಲಿ ಮುಗಿಯುತ್ತದೆ,” ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕಣಜ ಬರಿದಾಗಿದೆ, ಕೋಟೆ ಮುರಿದಿದೆ, ಮಾರ್ಗಶಿರ ಮಾಸ. ನಾವು ಮೂರು ವರ್ಷ ರಾತ್ರಿಯೆಲ್ಲ ಕುಳಿತು ಕಲಿತ ವಿದ್ಯೆಯನ್ನೇ ವಕೀಲರು ಎರಡು ವಾಕ್ಯಗಳಲ್ಲಿ ನಮಗೆ ಒಪ್ಪಿಸಿದರು. ಅದನ್ನು ಕೇಳುತ್ತ ನಮ್ಮ ಮೈ ಏಕೋ ತಣ್ಣಗಾಯಿತು.

ರಾಜಿಯಾಗುತ್ತೇವೆಂದು ಹೇಳಲು ನಾಲಗೆ ಏಳಲಿಲ್ಲ. ಗೋಡೆ ಬಂದದ್ದು ನಮ್ಮ ಕಡೆಗೆ. ಅದು ಈಗಲೂ ನಮ್ಮ ದೃಢವಾದ ಅಭಿಪ್ರಾಯ. ಬಿಗಿಹಿಡಿಯಿರಿ ಎನ್ನುವುದಕ್ಕೂ ಆಗಲಿಲ್ಲ. ಸದ್ಯಕ್ಕೆ ವಾಯಿದೆ ಕೇಳಿ ಎಂದು ಹೇಳಿ ಎದ್ದುಬಂದೆವು. ಮನೆಯಾಕೆಗೆ ತಿಳಿಸಿದಾಗ ಆಕೆ, “ಅವರಿಗೆ ಗಂಜಿ ಬಿಟ್ಟು ಬೇರೇನೂ ಸೇರುತ್ತಿಲ್ಲವಂತೆ” ಎಂದಷ್ಟೇ ಹೇಳಿ ಒಳಗೆ ಹೋದಳು.

ಆ ರಾತ್ರಿ ಮೇಜಿನ ಮುಂದೆ ಕುಳಿತಾಗ ಹತ್ತು ಫಿರಂಗಿಗಳೂ ಗಡಿಯಲ್ಲಿ ಹಾಗೆಯೇ ನಿಂತಿದ್ದುವು. ಸರದಿ ನಮ್ಮದು. ಏನನ್ನೂ ಕದಲಿಸದೆ ಸರದಿಯನ್ನು ಬಿಟ್ಟುಕೊಟ್ಟೆವು, ಮರುದಿನವೂ ಹಾಗೆಯೇ. ಭಾನುವಾರ ಮೊಮ್ಮಗನು ದೂರವಾಣಿಯಲ್ಲಿ, “ತಾತ, ಈಜಿಪ್ಟ್ ಏನಾಯಿತು? ಹಿಡಿದಿರಾ?” ಎಂದು ಕೇಳಿದನು.

“ಇಲ್ಲಪ್ಪ. ಫಿರಂಗಿಗಳು ಗಡಿಯಲ್ಲೇ ಇವೆ.”

“ಸುಮ್ಮನೆ ನಿಲ್ಲಿಸಿಕೊಂಡರೆ ಪ್ರತಿ ಸರದಿಗೂ ಅವಕ್ಕೆ ಖರ್ಚು ಬೀಳುತ್ತೆ, ತಾತ.”

“ಬೀಳುತ್ತಿದೆ,” ಎಂದೆವು.