ತೊಗಲಿನ ಮುಖವಾಡ

ಸ್ಲ್ಯಾಷರ್ ಅಂದರೆ ಕೊಚ್ಚುವ ಸಿನಿಮಾ. ಇದಕ್ಕೊಂದು ಗಟ್ಟಿ ಕಟ್ಟು ಉಂಟು. ಕೊಲೆಗಾರ ಬಹುಪಾಲು ಒಬ್ಬನೇ. ಮುಖಕ್ಕೆ ಮುಖವಾಡ. ಕೈಯಲ್ಲಿ ಬಂದೂಕಿರಲ್ಲ, ಚಾಕು, ಗರಗಸ, ಕೊಕ್ಕೆ ಇರುತ್ತವೆ. ಎಲ್ಲಾ ದುಡಿಯುವವರ ಹತಾರಗಳೇ. ಊರಾಚೆಗೊಂದು ಮನೆ, ಅಲ್ಲಿಗೆ ಬಂದ ಹುಡುಗ ಹುಡುಗಿಯರು. ಒಬ್ಬರ ಹಿಂದೆ ಒಬ್ಬರು ಸಾಯುತ್ತಾರೆ. ಕೊನೆಗೆ ಒಬ್ಬಳು ಉಳಿದು ತಿರುಗಿ ನಿಲ್ಲುತ್ತಾಳೆ. ಅಮೆರಿಕದ ವಿದ್ವಾಂಸೆ ಕ್ಯಾರಲ್ ಕ್ಲೋವರ್ 1987ರಲ್ಲಿ ಇವಳಿಗೆ ‘ಫೈನಲ್ ಗರ್ಲ್’ ಎಂದು ಹೆಸರಿಟ್ಟರು. ಕೊಲೆಗಾರ ಸತ್ತರೂ ಪೂರ್ತಿ ಸಾಯುವುದಿಲ್ಲ, ಎರಡನೇ ಭಾಗ ತೆಗೀಬೇಕಲ್ಲ!

1960ರ ‘ಸೈಕೋ’ದಲ್ಲಿ ಇದರ ಬೀಜವಿದೆ. 1978ರಲ್ಲಿ ಜಾನ್ ಕಾರ್ಪೆಂಟರ್ ಸುಮಾರು 3 ಲಕ್ಷ ಡಾಲರಿನಲ್ಲಿ ‘ಹ್ಯಾಲೋವೀನ್’ ತೆಗೆದ. ಅದು ಕೋಟಿಗಟ್ಟಲೆ ದುಡಿಯಿತು. ಆಮೇಲೆ ನಿರ್ಮಾಪಕರು ಸಂತೆಗೆ ಬಂದವರಂತೆ ಮುಗಿಬಿದ್ದರು.

ಇದೆಲ್ಲ ಕಸ ಅನ್ನುತ್ತಾರೆ ಸಾಹಿತ್ಯದ ಮೇಷ್ಟ್ರುಗಳು. ಬಹಳಷ್ಟು ಕಸವೇ. ಆದರೆ ಕಸ ಎತ್ತಿದ ಜನ ನಾವು. ಒಂದು ಮನೆಯ ಗುಟ್ಟು ಅದರ ಕಸದಲ್ಲಿರುತ್ತೆ ಅಂತ ನಮಗೆ ಗೊತ್ತು. ಒಂದು ಸಮಾಜ ಯಾರನ್ನು ಕಂಡರೆ ಹೆದರುತ್ತದೆ ಎನ್ನುವುದು ಇಂಥ ಸಿನಿಮಾದಲ್ಲಿ ಸಿಗುತ್ತದೆ.

1980ರ ‘ಫ್ರೈಡೇ ದ ಥರ್ಟೀನ್ತ್’ ನೋಡಿ. ಅದರಲ್ಲಿ ಕೊಲ್ಲುವವಳು ಒಬ್ಬ ತಾಯಿ. ಉಳ್ಳವರ ಮಕ್ಕಳ ಬೇಸಿಗೆ ಶಿಬಿರದಲ್ಲಿ ಅಡುಗೆ ಮಾಡುತ್ತಿದ್ದವಳು. ನೋಡಿಕೊಳ್ಳಬೇಕಾದವರು ತಮ್ಮ ಸರಸದಲ್ಲಿ ಮುಳುಗಿದ್ದಾಗ ಅವಳ ಮಗ ಕೆರೆಯಲ್ಲಿ ಮುಳುಗಿದ. ಅಡುಗೆಯವಳ ದುಃಖವನ್ನು ಸಿನಿಮಾ ಎರಡು ಮಾತಿನಲ್ಲಿ ಮುಗಿಸಿ, ಅವಳ ಕೈಗೆ ಚಾಕು ಕೊಟ್ಟು ಪಿಶಾಚಿ ಮಾಡುತ್ತದೆ.

ಇನ್ನು 1974ರ ‘ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’. ಟೋಬಿ ಹೂಪರ್ ತೆಗೆದದ್ದು. ತೆರೆಯ ಮೇಲೆ ರಕ್ತ ಕಡಿಮೆ. ಬಿಸಿಲು, ಬೆವರು, ಗರಗಸದ ಸದ್ದು ಇಷ್ಟರಲ್ಲೇ ಎದೆ ನಡುಗಿಸುತ್ತಾನೆ. ಕಸುಬಿನಲ್ಲಿ ಗಟ್ಟಿಗ. ಕೊಲೆಗಾರನ ಹೆಸರು ಲೆದರ್‌ಫೇಸ್, ಅಂದರೆ ತೊಗಲುಮುಖದವನು. ಮನುಷ್ಯರ ಚರ್ಮವನ್ನೇ ಮುಖಕ್ಕೆ ಕಟ್ಟಿಕೊಂಡಿದ್ದಾನೆ. ಅವನ ಮನೆಯವರು ಕಸಾಯಿಖಾನೆಯಲ್ಲಿ ಸುತ್ತಿಗೆಯಿಂದ ದನ ಕೆಡವುತ್ತಿದ್ದವರು. ಏರ್ ಗನ್ ಬಂತು, ಜನರ ಕೆಲಸ ಹೋಯಿತು. ಆ ಮನೆಯ ಹುಡುಗನೊಬ್ಬ ವ್ಯಾನಿನಲ್ಲಿ ಕೂತು ಇದನ್ನು ಹೇಳುತ್ತಾನೆ. ಯಾರೂ ಕಿವಿಗೊಡುವುದಿಲ್ಲ.

ಈ ಕಥೆಯನ್ನು ನಾವು ನಮ್ಮಜ್ಜನಿಗೆ ಹೇಳಿದೆವು. ಅಜ್ಜ ಊರವರ ಸತ್ತ ದನ ಹೊತ್ತವನು, ಸುಲಿದವನು, ತಂಗಡಿ ತೊಗಟೆ ಹಾಕಿ ತೊಗಲು ಹದ ಮಾಡಿದವನು. ಎಲ್ಲಾ ಕೇಳಿ ಬೀಡಿ ಆರಿಸಿ ಅಂದ: “ಕೆಲ್ಸ ಹೋದ್ರೆ ಉಪಾಸ ಬೀಳ್ತೀವಿ ಕಣ್ಲಾ. ಜನಾನ ಕೊಯ್ಯಾಕೆ ಹೋಯ್ತೀವಾ? ಅದಿರ್ಲಿ, ಕೆಲ್ಸ ಕಿತ್ಕಂಡ ಧಣಿ ಎಲ್ಲವ್ನೆ ಆ ಸಿನಿಮಾದಲ್ಲಿ?”

ಧಣಿ ಎಲ್ಲೂ ಇಲ್ಲ. ಅಜ್ಜ ಕೇಳಿದ ಈ ಒಂದು ಪ್ರಶ್ನೆ, ನಾವು ಡಿಗ್ರಿಗೆ ಓದಿದ ವಿಮರ್ಶೆಗಿಂತ ದೊಡ್ಡದು.

ಈ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟ ಸಿನಿಮಾ ಒಂದಿದೆ: ಬರ್ನಾರ್ಡ್ ರೋಸ್ 1992ರಲ್ಲಿ ತೆಗೆದ ‘ಕ್ಯಾಂಡಿಮ್ಯಾನ್’. ಷಿಕಾಗೋದಲ್ಲಿ ಬಡ ಕರಿಯರು ಬದುಕುತ್ತಿದ್ದ ಕ್ಯಾಬ್ರಿನಿ–ಗ್ರೀನ್ ಎಂಬ ಸರ್ಕಾರಿ ವಸತಿಯಲ್ಲಿ ಕಥೆ ನಡೆಯುತ್ತದೆ. ಅಲ್ಲಿನ ಎತ್ತರದ ಕಟ್ಟಡಗಳಲ್ಲಿ ಕಡೆಯದನ್ನು 2011ರಲ್ಲಿ ಕೆಡವಿದರು. ಕನ್ನಡಿ ಮುಂದೆ ಐದು ಸಲ ಹೆಸರು ಕರೆದರೆ ಕೊಕ್ಕೆ ಕೈಯವನು ಬರುತ್ತಾನೆ. ಯಾರವನು? ಗುಲಾಮನ ಮಗ. ಅಪ್ಪ ಜೋಡು ಮಾಡುವ ಯಂತ್ರ ಕಂಡುಹಿಡಿದು ದುಡ್ಡು ಮಾಡಿದವನು. ಹೌದು ಗೆಳೆಯರೇ, ಅಲ್ಲೂ ಜೋಡೇ! ಮಗ ಓದಿದ, ಚಿತ್ರಕಾರನಾದ. ಬಿಳಿಯ ಜಮೀನುದಾರನ ಮಗಳನ್ನು ಪ್ರೀತಿಸಿದ. ಅವಳಪ್ಪ ಗುಂಪು ಕಳಿಸಿದ. ಕೈ ಗರಗಸದಲ್ಲಿ ಕೊಯ್ದರು, ಮೈಗೆ ಜೇನು ಬಳಿದು ಹುಳ ಬಿಟ್ಟರು, ಸುಟ್ಟರು.

ಟೋನಿ ಟಾಡ್ ಎಂಬ ನಟ ಇವನನ್ನು ರಾಜನ ಗತ್ತಿನಲ್ಲಿ ಆಡಿದ್ದಾನೆ. ಆದರೂ ಒಂದು ಮಾತು ಹೇಳಲೇಬೇಕು. ಕೊಂದ ಗುಂಪಿನ ಕಥೆಯನ್ನು ಪ್ರೊಫೆಸರೊಬ್ಬ ಊಟದ ಮೇಜಿನಲ್ಲಿ ಹೇಳಿ ಮುಗಿಸುತ್ತಾನೆ. ನಮ್ಮ ಕಣ್ಣ ಮುಂದೆ ನಡೆಯುವುದು ಕರಿಯನ ಕೊಕ್ಕೆ ಮಾಡುವ ಕೊಲೆ. ನೂರಾರು ಬಿಳಿ ಕೈಗಳ ಪಾಪ ಒಂದು ಕರಿ ಕೈಯ ಭಯವಾಗಿ ಟಿಕೆಟಿಗೆ ಮಾರಾಟವಾಯಿತು.

ಇದು ನಮ್ಮನ್ನು ಚುಚ್ಚುತ್ತದೆ, ಯಾಕೆಂದರೆ ನಾವು ಕಂಡ ಕೊಲೆಗಾರರು ಗುಂಪಾಗಿ ಬರುತ್ತಾರೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ 7 ಜನರನ್ನು ಜೀವಂತ ಸುಟ್ಟರು. 2006ರಲ್ಲಿ ಕೋರ್ಟಿನಲ್ಲಿ ಆರೋಪಿಗಳು ಖುಲಾಸೆಯಾದರು. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸು ಸುಲಿದ ಹುಡುಗರನ್ನು ಕಾರಿಗೆ ಕಟ್ಟಿ ಬಡಿದರು. ಬಡಿದವರೇ ವಿಡಿಯೊ ಮಾಡಿ ಹಂಚಿದರು. ಮುಖ ಮುಚ್ಚಿಕೊಳ್ಳುವ ಭಯ ಅವರಿಗೆಲ್ಲಿ? ಮುಖವಾಡ ಬೇಕಾಗುವುದು ಶಿಕ್ಷೆಗೆ ಹೆದರುವವನಿಗೆ.

ಈ ಸಿನಿಮಾಗಳನ್ನು ನೋಡಬೇಡಿ ಅನ್ನುವವರಲ್ಲ ನಾವು. ಮೇಷ್ಟ್ರುಗಳೇ, ಹಾಸ್ಟೆಲಿನ ತಮ್ಮ ತಂಗಿಯರೇ, ನೋಡಿ. ನೋಡುವಾಗ ಚೂರಿ ಯಾರ ಕೈಯಲ್ಲಿಟ್ಟಿದ್ದಾರೆ, ಆ ಕೈ ಮೊದಲು ಏನು ಕೆಲಸ ಮಾಡುತ್ತಿತ್ತು, ಆ ಕೆಲಸ ಯಾರು ಕಿತ್ತುಕೊಂಡರು ಅಂತ ಕೇಳಿ. ನಮ್ಮ ಹುಡುಗಿಯೊಬ್ಬಳು ಕ್ಯಾಮೆರಾ ಹಿಡಿದು ಇಂಥದೊಂದು ಸಿನಿಮಾ ತೆಗೆಯುವ ದಿನಕ್ಕೆ ಕಾಯುತ್ತಿದ್ದೇವೆ. ಅದರಲ್ಲಿ ಕೊನೆಗೆ ಉಳಿದು ತಿರುಗಿ ನಿಲ್ಲುವವಳು ನಮ್ಮ ಕೇರಿಯವಳಾಗಿರಲಿ. ಅವಳು ನೋಡಿದ ಮುಖಗಳನ್ನೆಲ್ಲ ಹೆಸರು ಹಿಡಿದು ಹೇಳಲಿ.